ದೊಡ್ಡ ಕಪ್ಪುಕುಳಿಯ ತಟ್ಟೆಗೆ ಅಷ್ಟು ಕಾವಿಲ್ಲ. ಹಾಗಾದರೆ ಕ್ಷ-ಕಿರಣ ಎಲ್ಲಿಂದ ಬರುತ್ತದೆ?

ಗೌರಿಬಿದನೂರಿನ ಪ್ರೌಢಶಾಲಾ ಶಿಕ್ಷಕ:

ಎಲ್ಲರಿಗೂ ನಮಸ್ಕಾರ. ತರಗತಿಯಲ್ಲಿ ನಾನು ಕೊಟ್ಟ ಉತ್ತರವೊಂದು ತಪ್ಪಿರಬಹುದೆಂಬ ಅನುಮಾನ ನಾಲ್ಕು ದಿನಗಳಿಂದ ಕಾಡುತ್ತಿದೆ. ಸೋಮವಾರ ಮತ್ತೆ ಅದೇ ಮಕ್ಕಳ ಮುಂದೆ ನಿಲ್ಲಬೇಕಾದ್ದರಿಂದ, ಅಷ್ಟರೊಳಗೆ ಸರಿಪಡಿಸಿಕೊಳ್ಳೋಣವೆಂದು ಇಲ್ಲಿ ಕೇಳುತ್ತಿದ್ದೇನೆ.

ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: “ಕಪ್ಪುಕುಳಿಯಿಂದ ಬೆಳಕು ಕೂಡ ಹೊರಗೆ ಬರಲಾರದು ಎನ್ನುತ್ತೀರಿ. ಗೆಲಾಕ್ಸಿಗಳ ಕೇಂದ್ರದಲ್ಲಿರುವ ಕಪ್ಪುಕುಳಿಗಳಿಂದ ಕ್ಷ-ಕಿರಣ ಬರುತ್ತದೆ ಎಂದು ಪತ್ರಿಕೆಯಲ್ಲಿ ಬಂದಿದೆ. ಕ್ಷ-ಕಿರಣವೂ ಬೆಳಕೇ ಅಲ್ಲವೇ ಸರ್?” ಕಿರಣ ಬರುವುದು ಕುಳಿಯ ಒಳಗಿನಿಂದಲ್ಲ, ಒಳಕ್ಕೆ ಬೀಳುವ ಮುನ್ನ ಅದರ ಸುತ್ತ ಸುತ್ತುತ್ತಿರುವ ಅನಿಲದಿಂದ, ಆ ಅನಿಲ ತಟ್ಟೆಯಂತೆ ಹರಡಿಕೊಂಡು, ಅದರ ಪದರಗಳು ಒಂದಕ್ಕೊಂದು ಉಜ್ಜಿಕೊಂಡು ಕೋಟಿ ಡಿಗ್ರಿಯವರೆಗೆ ಕಾಯುತ್ತವೆ, ಹಾಗೆ ಕಾದ ಅನಿಲ ಕ್ಷ-ಕಿರಣವನ್ನು ಸೂಸುತ್ತದೆ ಎಂದು ಹೇಳಿದೆ. ಅವಳಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ರಾತ್ರಿ ಕುಳಿತು, 10 ಕೋಟಿ ಸೂರ್ಯರ ತೂಕದ ಕಪ್ಪುಕುಳಿಯೊಂದನ್ನು ಹಿಡಿದು ಲೆಕ್ಕ ಹಾಕಿದರೆ ತಟ್ಟೆಯ ಒಳ ಅಂಚಿನಲ್ಲಿ ಕೂಡ ಉಷ್ಣತೆ ಒಂದೆರಡು ಲಕ್ಷ ಕೆಲ್ವಿನ್‌ಗಿಂತ ಮೇಲೇರುವುದಿಲ್ಲ. ಕಾವು ಹೆಚ್ಚಿದಷ್ಟೂ ಸೂಸುವ ಕಿರಣದ ತರಂಗಾಂತರ ಕಿರಿದಾಗುತ್ತದೆ ಎನ್ನುವ ವೀನ್ ನಿಯಮದಂತೆ ಅಷ್ಟು ಕಾದ ವಸ್ತು ಮುಖ್ಯವಾಗಿ ಸೂಸುವುದು 15ರಿಂದ 30 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣವನ್ನು. ದೂರದರ್ಶಕಗಳು ಕಾಣುತ್ತಿರುವ ಕ್ಷ-ಕಿರಣದ ತರಂಗಾಂತರ ಒಂದು ನ್ಯಾನೊಮೀಟರಿಗಿಂತಲೂ ಕಡಿಮೆ. ನನ್ನ ಲೆಕ್ಕ ತಪ್ಪೋ, ಉತ್ತರ ತಪ್ಪೋ?

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:

ಸರ್, ತಮ್ಮ ಲೆಕ್ಕ ಸರಿಯಾಗಿದೆ. ಉತ್ತರದಲ್ಲಿ ಅರ್ಧ ಸರಿ. ಕಿರಣ ಕುಳಿಯ ಹೊರಗಿನಿಂದ ಬರುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಉಜ್ಜಿಕೊಂಡು ಕಾದ ತಟ್ಟೆಯೇ ನೇರವಾಗಿ ಕ್ಷ-ಕಿರಣ ಸೂಸುತ್ತದೆ ಎಂಬುದು ಸಿಗ್ನಸ್ ಎಕ್ಸ್-1ರಂತಹ, ಸೂರ್ಯನ ಹತ್ತಿಪ್ಪತ್ತು ಪಟ್ಟು ತೂಗುವ ಚಿಕ್ಕ ಕಪ್ಪುಕುಳಿಗಳಿಗೆ ಸಲ್ಲುವ ಮಾತು. ಗೆಲಾಕ್ಸಿಯ ನಡುವಿನ ದೈತ್ಯರಿಗೆ ಅದು ಸಲ್ಲುವುದಿಲ್ಲ. ಜನಪ್ರಿಯ ಲೇಖನಗಳಲ್ಲಿ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುವುದರಿಂದ ಈ ಗೊಂದಲ ಬಹಳ ಕಡೆ ಉಳಿದುಕೊಂಡಿದೆ.

ಕುಳಿ ದೊಡ್ಡದಾದಷ್ಟೂ ತಟ್ಟೆ ತಣ್ಣಗಾಗುತ್ತದೆ ಎಂಬುದು ಮೊದಲ ಕೇಳ್ವಿಗೆ ನಂಬುವಂತಿಲ್ಲ. ನಾನು ಪಿಯುಸಿ ಮಕ್ಕಳಿಗೆ ಹೀಗೆ ಹೇಳುತ್ತೇನೆ. ಒಂದು ಒಲೆಯಲ್ಲಿ ಒಂದು ಹೊರೆ ಸೌದೆ ಉರಿಯುತ್ತಿದೆ ಎಂದುಕೊಳ್ಳಿ. ಕಪ್ಪುಕುಳಿಯ ತೂಕ ಹತ್ತು ಪಟ್ಟಾದರೆ ಅದು ಹೊಮ್ಮಿಸಬಲ್ಲ ಬೆಳಕಿನ ಗರಿಷ್ಠ ಮಿತಿಯೂ ಹತ್ತು ಪಟ್ಟಾಗುತ್ತದೆ. ಇದು ಎಡಿಂಗ್ಟನ್ ಮಿತಿ. ಅಂದರೆ ಸೌದೆ ಹತ್ತು ಹೊರೆ. ಆದರೆ ಕುಳಿಯ ತ್ರಿಜ್ಯವೂ ಹತ್ತು ಪಟ್ಟಾಗುವುದರಿಂದ ತಟ್ಟೆಯ ಮೇಲ್ಮೈ ನೂರು ಪಟ್ಟು ಹರಡಿಕೊಳ್ಳುತ್ತದೆ, ಒಲೆಗಳು ನೂರು. ಹತ್ತು ಹೊರೆಯನ್ನು ನೂರು ಒಲೆಗಳಿಗೆ ಹಂಚಿದರೆ ಪ್ರತಿ ಒಲೆಗೆ ಸಿಗುವುದು ಹತ್ತರಲ್ಲಿ ಒಂದು ಪಾಲು ಮಾತ್ರ.

ಇನ್ನು ಅಂಕಿಗೆ ಬರೋಣ. 10 ಸೂರ್ಯರ ತೂಕದ ಕುಳಿಯ ತ್ರಿಜ್ಯ ಸುಮಾರು 30 ಕಿ.ಮೀ., ನಮ್ಮ ಕೋಲಾರದಿಂದ ಕೆಜಿಎಫ್‌ಗೆ ಇರುವಷ್ಟು. ಅದು ಹೊಟ್ಟೆ ತುಂಬ ಉಣ್ಣುತ್ತಿರುವಾಗ ತಟ್ಟೆಯ ಒಳ ಅಂಚು ಒಂದು ಕೋಟಿ ಕೆಲ್ವಿನ್‌ನ ಸುಮಾರಿಗೆ ಕಾಯುತ್ತದೆ. ತಾವು ಹಿಡಿದ 10 ಕೋಟಿ ಸೂರ್ಯರ ಕುಳಿ ಇದಕ್ಕಿಂತ ಒಂದು ಕೋಟಿ ಪಟ್ಟು ಭಾರ. ಅದರ ತ್ರಿಜ್ಯ ಸುಮಾರು 30 ಕೋಟಿ ಕಿ.ಮೀ., ಭೂಮಿಗೂ ಸೂರ್ಯನಿಗೂ ಇರುವ ದೂರದ ಎರಡು ಪಟ್ಟು. ಪ್ರತಿ ಚದರ ಅಡಿಗೆ ಸಿಗುವ ಶಕ್ತಿ ಒಂದು ಕೋಟಿ ಪಟ್ಟು ಇಳಿಯುತ್ತದೆ. ಉಷ್ಣತೆಯ ನಾಲ್ಕನೆಯ ಘಾತ ಈ ಶಕ್ತಿಯ ಜೊತೆ ಏರಿಳಿಯುವುದರಿಂದ, ಉಷ್ಣತೆ ಇಳಿಯುವುದು ಒಂದು ಕೋಟಿಯ ವರ್ಗಮೂಲದ ವರ್ಗಮೂಲದಷ್ಟು, ಅಂದರೆ ಸುಮಾರು 56 ಪಟ್ಟು. ಒಂದು ಕೋಟಿಯನ್ನು 56ರಿಂದ ಭಾಗಿಸಿದರೆ ಒಂದು ಲಕ್ಷದ ಎಂಬತ್ತು ಸಾವಿರದ ಹತ್ತಿರ ಬರುತ್ತದೆ. ತಾವು ಕಂಡ ಅಂಕಿ ಇದೇ. ಶಕೂರಾ ಮತ್ತು ಸುನ್ಯಾಯೆವ್ 1973ರಲ್ಲಿ ಈ ತಟ್ಟೆಗಳ ಸಿದ್ಧಾಂತವನ್ನು ಕಟ್ಟಿದಾಗಿನಿಂದಲೂ ಇದು ತಿಳಿದ ಸಂಗತಿ.

ಪಾವಗಡದ ಹವ್ಯಾಸಿ ವೀಕ್ಷಕ:

ಮೇಡಂ, ಒಲೆಯ ಹೋಲಿಕೆಯಿಂದ ನನಗೆ ಹತ್ತು ವರ್ಷದ ಗಂಟು ಬಿಚ್ಚಿತು. ಒಂದು ಮಾತು ಸೇರಿಸುತ್ತೇನೆ. ತಟ್ಟೆ ತಣ್ಣಗಿದೆ ಎಂದರೆ ಶಕ್ತಿ ಕಡಿಮೆ ಎಂದು ಯಾರೂ ತಿಳಿಯಬಾರದು. ನಕ್ಷತ್ರಗಳಲ್ಲಿ ಹೈಡ್ರೋಜನ್ ಸಮ್ಮಿಲನಗೊಂಡಾಗ ದ್ರವ್ಯದ ನೂರಕ್ಕೆ 0.7 ಪಾಲು ಮಾತ್ರ ಶಕ್ತಿಯಾಗುತ್ತದೆ. ತಿರುಗದ ಕಪ್ಪುಕುಳಿಯೊಳಕ್ಕೆ ಬೀಳುವ ದ್ರವ್ಯ ಬೀಳುವ ಮುನ್ನವೇ ನೂರಕ್ಕೆ 5.7 ಪಾಲನ್ನು ಬಿಟ್ಟುಕೊಡುತ್ತದೆ. ಅತಿ ವೇಗವಾಗಿ ತಿರುಗುವ ಕುಳಿಯಾದರೆ 42 ಪಾಲಿನವರೆಗೆ. ನಮ್ಮ ತಾಲ್ಲೂಕಿನ ಸೌರ ವಿದ್ಯುತ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ನೂರಕ್ಕೆ ಹತ್ತು ಪಾಲು ಎಂದು ಹಿಡಿದು ನಾನು ಲೆಕ್ಕ ಹಾಕಿದೆ: ಒಂದು ಕಿಲೋ ಅನಿಲ ಬಿದ್ದರೆ ಹೊರಡುವ ಶಕ್ತಿಯನ್ನು ಕೊಡಲು ಅಷ್ಟೂ ಹಲಗೆಗಳು ಹಗಲು ರಾತ್ರಿ ಎನ್ನದೆ ಪೂರ್ಣ ಸಾಮರ್ಥ್ಯದಲ್ಲಿ ಸುಮಾರು 50 ದಿನ ದುಡಿಯಬೇಕು. ಪ್ರಖರವಾದ ಕ್ವೇಸಾರ್ (ದ್ರವ್ಯವನ್ನು ನುಂಗುತ್ತ ಬಹಳವಾಗಿ ಬೆಳಗುವ ಗೆಲಾಕ್ಸಿಯ ಕೇಂದ್ರ) ಒಂದು ವರ್ಷಕ್ಕೆ ಒಂದೆರಡು ಸೂರ್ಯರಷ್ಟು ದ್ರವ್ಯವನ್ನು ನುಂಗುತ್ತದೆ.

ಈಗ ನನ್ನ ಪ್ರಶ್ನೆ. ತಟ್ಟೆಯಿಂದ ಹೊರಡುವ ಫೋಟಾನಿಗೆ, ಅಂದರೆ ಬೆಳಕಿನ ಕಣಕ್ಕೆ, ಹತ್ತಿಪ್ಪತ್ತು ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಮಾನ) ಶಕ್ತಿ ಇದ್ದರೆ, ಕ್ಷ-ಕಿರಣಕ್ಕೆ ಅದರ ಸಾವಿರ ಪಟ್ಟು ಬೇಕು. ಆ ಸಾವಿರ ಪಟ್ಟನ್ನು ಕೊಡುವವರು ಯಾರು?

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:

ಕೊಡುವುದು ಎಲೆಕ್ಟ್ರಾನ್‌ಗಳು. ತಟ್ಟೆಯ ಒಳಭಾಗಕ್ಕೆ ಹೊಂದಿಕೊಂಡು, ಕುಳಿಗೆ ತೀರ ಹತ್ತಿರದಲ್ಲಿ, ವಿರಳವಾದ ಆದರೆ ನೂರು ಕೋಟಿ ಕೆಲ್ವಿನ್‌ನ ಆಸುಪಾಸಿನಲ್ಲಿ ಕಾದಿರುವ ಎಲೆಕ್ಟ್ರಾನ್‌ಗಳ ಮೋಡವೊಂದಿದೆ. ಸೂರ್ಯನ ಸುತ್ತಲಿನ ಬಿಸಿ ಹೊದಿಕೆಯ ಹೆಸರನ್ನೇ ಇದಕ್ಕೂ ಇಟ್ಟು ಕರೋನಾ ಎನ್ನುತ್ತಾರೆ. ಕಾಂಪ್ಟನ್ 1923ರಲ್ಲಿ ವಿವರಿಸಿದ್ದು, ಕ್ಷ-ಕಿರಣದ ಫೋಟಾನ್ ಸುಮ್ಮನಿದ್ದ ಎಲೆಕ್ಟ್ರಾನಿಗೆ ಬಡಿದು ತನ್ನ ಶಕ್ತಿಯನ್ನು ಕಳೆದುಕೊಳ್ಳುವುದನ್ನು. ಇಲ್ಲಿ ನಡೆಯುವುದು ಅದರ ತಿರುವುಮುರುವು: ಎಲೆಕ್ಟ್ರಾನ್ ಶ್ರೀಮಂತ, ಫೋಟಾನ್ ಬಡವ. ಪ್ರತಿ ಡಿಕ್ಕಿಯಲ್ಲೂ ಫೋಟಾನಿನ ಶಕ್ತಿ ಸರಾಸರಿ ಎರಡು ಪಟ್ಟಿನ ಹತ್ತಿರ ಏರುತ್ತದೆ. ಹತ್ತು ಸಲ ಇಮ್ಮಡಿಯಾದರೆ 1,024 ಪಟ್ಟು. ತಮ್ಮ ಸಾವಿರ ಪಟ್ಟು ಅಲ್ಲಿ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ವಿಷಯದ ಸೊಗಸೆಲ್ಲ ಇಲ್ಲಿದೆ. ಒಂದು ಹಾಳೆಯ ಮೇಲೆ ಬರೆದು ನೋಡಿ. ಕರೋನಾದೊಳಕ್ಕೆ 10 ಎಲೆಕ್ಟ್ರಾನ್ ವೋಲ್ಟ್‌ನ (ಮುಂದೆ ಬರಿ ‘ವೋಲ್ಟ್’ ಎನ್ನುತ್ತೇನೆ) 1,024 ಫೋಟಾನ್‌ಗಳು ಹೊಕ್ಕವು ಎನ್ನೋಣ. ಮೋಡ ವಿರಳವಾಗಿರುವುದರಿಂದ ಪ್ರತಿ ಹಂತದಲ್ಲೂ ಅರ್ಧದಷ್ಟು ಫೋಟಾನ್‌ಗಳು ಡಿಕ್ಕಿಯಿಲ್ಲದೆ ಜಾರಿಕೊಂಡು ಹೋಗುತ್ತವೆ, ಉಳಿದರ್ಧ ಡಿಕ್ಕಿ ಹೊಡೆದು ಇಮ್ಮಡಿಯಾಗುತ್ತವೆ ಎಂದು ಇಟ್ಟುಕೊಳ್ಳಿ. ಮೊದಲ ಡಿಕ್ಕಿಯ ನಂತರ 20 ವೋಲ್ಟ್‌ನವು 512, ಎರಡನೆಯದರ ನಂತರ 40 ವೋಲ್ಟ್‌ನವು 256, ಹೀಗೆ ಇಳಿಯುತ್ತ ಹತ್ತನೆಯ ಹಂತದಲ್ಲಿ 10,240 ವೋಲ್ಟ್‌ನ ಒಂದೇ ಒಂದು ಫೋಟಾನ್ ಉಳಿಯುತ್ತದೆ. ಈಗ ಪ್ರತಿ ಹಂತದ ಒಟ್ಟು ಶಕ್ತಿಯನ್ನು ಗುಣಿಸಿ: 512ನ್ನು 20ರಿಂದ, 256ನ್ನು 40ರಿಂದ, ಕೊನೆಯ ಒಂದನ್ನು 10,240ರಿಂದ. ಎಲ್ಲ ಹಂತದಲ್ಲೂ 10,240. ಸಂಖ್ಯೆ ಅರ್ಧವಾಗುತ್ತ ಹೋದರೂ ಶಕ್ತಿಯ ಪಾಲು ಎಲ್ಲೆಡೆ ಒಂದೇ. ಕಾದ ಕಬ್ಬಿಣದ ರೋಹಿತಕ್ಕೆ, ಅಂದರೆ ಯಾವ ಶಕ್ತಿಯ ಕಿರಣ ಎಷ್ಟಿದೆ ಎಂದು ತೋರಿಸುವ ಗೆರೆಗೆ, ಒಂದು ಶಿಖರವಿರುತ್ತದೆ, ಆಚೀಚೆ ಇಳಿಜಾರು ಇರುತ್ತದೆ. ಇಂತಹ ಡಿಕ್ಕಿಗಳಿಂದ ಹುಟ್ಟಿದ ರೋಹಿತಕ್ಕೆ ಶಿಖರವಿಲ್ಲ, ಉದ್ದಕ್ಕೂ ಒಂದೇ ಸಮನಾದ ಇಳಿಜಾರು. ಸಕ್ರಿಯ ಗೆಲಾಕ್ಸಿಗಳ (ನಡುವಿನ ಕಪ್ಪುಕುಳಿ ದ್ರವ್ಯವನ್ನು ನುಂಗುತ್ತಿರುವ ಗೆಲಾಕ್ಸಿಗಳ) ಕ್ಷ-ಕಿರಣದಲ್ಲಿ ಉಪಗ್ರಹಗಳು ಕಂಡಿರುವುದು ಇದಕ್ಕೆ ಬಹಳ ಹತ್ತಿರದ ಇಳಿಜಾರನ್ನೇ. ತಟ್ಟೆಯ ಕಾವಿನಿಂದಲೇ ಬರುತ್ತಿದ್ದರೆ ಈ ಆಕಾರ ಬರುತ್ತಿರಲಿಲ್ಲ.

ಚಿಂತಾಮಣಿಯ ಎಂಜಿನಿಯರಿಂಗ್ ವಿದ್ಯಾರ್ಥಿ:

ಮೇಡಂ, ತಮ್ಮ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಹತ್ತು ಲಕ್ಷ ಫೋಟಾನ್‌ಗಳಿಗೆ ಮಾಡಿ ನೋಡಿದೆ. ನಡುವಿನ ಭಾಗ ತಾವು ಹೇಳಿದಂತೆ ನೇರ ಇಳಿಜಾರಾಗಿ ಬಂತು. ಆದರೆ ಎಲೆಕ್ಟ್ರಾನ್‌ಗಳಿಗೆ 100 ಕಿಲೋ ಎಲೆಕ್ಟ್ರಾನ್ ವೋಲ್ಟ್ ಎಂದು ಮಿತಿ ಇಟ್ಟಾಗ, ಫೋಟಾನ್‌ಗಳು ಆ ಮಟ್ಟವನ್ನು ಮುಟ್ಟುತ್ತಿದ್ದಂತೆ ಇಳಿಜಾರು ಮುರಿದು ಗೆರೆ ಕೆಳಕ್ಕೆ ಬಿದ್ದಿತು. ನಾನು ಬರೆದ ಪ್ರೋಗ್ರಾಮಿನ ದೋಷವಿರಬಹುದೆಂದು ಎರಡು ಸಲ ತಿದ್ದಿದೆ, ಮತ್ತೆ ಹಾಗೆಯೇ ಬಂತು.

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:

ಅದು ದೋಷವಲ್ಲ, ತಿದ್ದಬೇಡಿ. ಫೋಟಾನ್ ಎಲೆಕ್ಟ್ರಾನಿನಷ್ಟೇ ಶ್ರೀಮಂತವಾದ ಮೇಲೆ ಅದಕ್ಕೆ ಸಿಗುವುದೇನೂ ಇರುವುದಿಲ್ಲ. ನಿಜವಾದ ಗೆಲಾಕ್ಸಿಗಳಲ್ಲೂ ಅನೇಕ ಕಡೆ 100ರಿಂದ 300 ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಳ ನಡುವೆ ಗೆರೆ ಹೀಗೆಯೇ ಬೀಳುತ್ತದೆ. 2012ರಲ್ಲಿ ಹಾರಿಸಿದ ನ್ಯೂಸ್ಟಾರ್ ಉಪಗ್ರಹ 3ರಿಂದ 79 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ ನಿಖರವಾಗಿ ನೋಡಬಲ್ಲದಾದ್ದರಿಂದ, ಈ ಬಾಗು ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅಳೆದು ಕರೋನಾದ ಉಷ್ಣತೆಯನ್ನು ಕಂಡುಕೊಂಡಿದ್ದಾರೆ. ನೂರು ಕೋಟಿ ಕೆಲ್ವಿನ್ ಎಂಬ ಅಂಕಿ ಊಹೆಯಲ್ಲ, ಹೀಗೆ ಅಳೆದದ್ದು.

ಗೌರಿಬಿದನೂರಿನ ಪ್ರೌಢಶಾಲಾ ಶಿಕ್ಷಕ:

ಕರೋನಾ ಎಂಬ ಹೆಸರು ಓದಿದೊಡನೆ ನಮ್ಮ ಊರಿನ ಹೊರಗಿನ ಬಯಲು ಕಣ್ಣ ಮುಂದೆ ಬಂತು. ಇಲ್ಲಿನ ರೇಡಿಯೊ ವೀಕ್ಷಣಾಲಯದಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸುತ್ತಿದ್ದ ಸಾವಿರ ಆಂಟೆನಾಗಳ ಸಾಲು 1976ರಿಂದ ಇತ್ತು. 1997ರಿಂದ ಸೂರ್ಯನನ್ನೇ ನೋಡುವ ರೇಡಿಯೊ ಹೀಲಿಯೊಗ್ರಾಫ್ ಕೆಲಸ ಮಾಡುತ್ತಿದೆ. ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಅವರಿಗೆ ನಿರಾಸೆಯಾಗುವುದುಂಟು, ಏಕೆಂದರೆ ಅಲ್ಲಿ ಗೋಪುರವಿಲ್ಲ, ಗಾಜಿಲ್ಲ, ಬಟ್ಟೆ ಒಣಗಿಸುವ ಕಂಬಗಳ ಹಾಗೆ ಸಾಲು ಸಾಲು ಲೋಹದ ಕಡ್ಡಿಗಳು ಮಾತ್ರ. ಆ ಕಡ್ಡಿಗಳು ಹಿಡಿಯುವುದು ಸೂರ್ಯನ ಮೇಲ್ಮೈಯನ್ನಲ್ಲ, ಅದರ ಕರೋನಾವನ್ನು. ಮೇಲ್ಮೈ ಸುಮಾರು 5,800 ಕೆಲ್ವಿನ್. ಅದರ ಮೇಲಿನ ವಿರಳ ಹೊದಿಕೆ ಹತ್ತು ಲಕ್ಷಕ್ಕೂ ಹೆಚ್ಚು. ಕೆಳಗಿನದಕ್ಕಿಂತ ಮೇಲಿನದು ಬಿಸಿ.

ನನ್ನ ಪ್ರಶ್ನೆ ಏನೆಂದರೆ, ಇವೆರಡೂ ಹೆಸರಿಗೆ ಮಾತ್ರ ಒಂದೋ, ಕಾರಣವೂ ಒಂದೋ? ಫೋಟಾನ್‌ಗಳಿಗೆ ಶಕ್ತಿಯನ್ನು ಹಂಚುತ್ತಲೇ ಇದ್ದರೆ ಎಲೆಕ್ಟ್ರಾನ್‌ಗಳು ಬೇಗ ತಣ್ಣಗಾಗಬೇಕಲ್ಲ.

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:

ಸರ್, ಸರಿಯಾದ ಕಡೆಗೆ ಕೈಯಿಟ್ಟಿದ್ದೀರಿ. ಯಾರೂ ಮತ್ತೆ ಕಾಯಿಸದಿದ್ದರೆ ಆ ಮೋಡ ಬಹು ಬೇಗ ಆರಿಹೋಗುತ್ತದೆ. ಆದ್ದರಿಂದ ಶಾಖ ಎಡೆಬಿಡದೆ ಬರುತ್ತಿರಲೇಬೇಕು. ಬಹುಮಂದಿ ಒಪ್ಪುವ ವಿವರಣೆಯಂತೆ, ಸುತ್ತುವ ತಟ್ಟೆಯಲ್ಲಿ ಕಾಂತಕ್ಷೇತ್ರದ ಗೆರೆಗಳು ಹುರಿಗೊಂಡು, ಮೇಲಕ್ಕೆ ಉಬ್ಬಿ, ಒಂದಕ್ಕೊಂದು ತಾಗಿ ತುಂಡಾಗಿ ಮರುಜೋಡಣೆಯಾಗುವಾಗ ಆ ಶಕ್ತಿ ಎಲೆಕ್ಟ್ರಾನ್‌ಗಳಿಗೆ ಸೇರುತ್ತದೆ. ಸೂರ್ಯನ ಜ್ವಾಲೆಗಳಲ್ಲಿ ನಡೆಯುವುದೂ ಇದೇ ಬಗೆಯ ಕ್ರಿಯೆ. ಹಾಗೆಂದು ಪ್ರಶ್ನೆ ತೀರಿತು ಎನ್ನಲಾಗದು. ಸೂರ್ಯನ ಕರೋನಾ ಏಕೆ ಅಷ್ಟು ಬಿಸಿ ಎಂಬುದೇ ಇನ್ನೂ ಪೂರ್ತಿ ಬಗೆಹರಿದಿಲ್ಲ. ಕಪ್ಪುಕುಳಿಯ ಕರೋನಾದ ವಿಷಯದಲ್ಲಿ ಅದರ ಆಕಾರದ ಬಗ್ಗೆ ಕೂಡ ವಾದವಿದೆ. ನನ್ನ ಅಭಿಪ್ರಾಯದಲ್ಲಿ ಮಕ್ಕಳಿಗೆ ಇದನ್ನು ಮುಚ್ಚಿಡದೆ ಹೇಳುವುದು ಒಳ್ಳೆಯದು.

ರಾಬರ್ಟ್‌ಸನ್‌ಪೇಟೆಯ ನಿವೃತ್ತ ಎಕ್ಸ್‌ರೇ ತಂತ್ರಜ್ಞ:

ನಾನು ಖಗೋಳ ಓದಿದವನಲ್ಲ. ಮೂವತ್ತೆರಡು ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದವನು. ಗಣಿ ಕಾರ್ಮಿಕರ ಎದೆಯ ಫಿಲ್ಮುಗಳನ್ನು ಡಾರ್ಕ್ ರೂಮಿನಲ್ಲಿ ಡೆವಲಪರ್‌ಗೆ ಅದ್ದಿ, ತೊಳೆದು, ಹ್ಯಾಂಗರಿಗೆ ಸಿಕ್ಕಿಸಿ ಒಣಗಿಸಿದ್ದು ಲೆಕ್ಕವಿಲ್ಲದಷ್ಟು. ಕಿರಣ ದಾಟಿ ಬಂದ ಕಡೆ ಫಿಲ್ಮು ಕಪ್ಪು, ತಡೆಯಾದ ಕಡೆ ಬಿಳಿ. ಗಾಳಿ ತುಂಬಿದ ಶ್ವಾಸಕೋಶ ಕಪ್ಪಾಗಿ ಬರಬೇಕು. ಕಲ್ಲಿನ ಧೂಳು ಕುಳಿತ ಎದೆಯಲ್ಲಿ ಆ ಕಪ್ಪಿನ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಕಾಣುತ್ತಿದ್ದವು. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದ ಎಷ್ಟೋ ಮುಖಗಳು ಇನ್ನೂ ನೆನಪಿವೆ.

ನನಗೆ ಗೊತ್ತಿರುವ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರಬಹುದು. ಟ್ಯೂಬಿನ ಬಾಯಿಗೆ ತೆಳುವಾದ ಅಲ್ಯೂಮಿನಿಯಂ ತಗಡು ಇಟ್ಟಿರುತ್ತಾರೆ. ಮೆದು, ಅಂದರೆ ಕಡಿಮೆ ಶಕ್ತಿಯ, ಕಿರಣಗಳು ಚರ್ಮದಲ್ಲೇ ಹೀರಿಹೋಗಿ ರೋಗಿಗೆ ಕೆಡುಕು ಮಾಡುತ್ತವೆಯೇ ಹೊರತು ಚಿತ್ರಕ್ಕೆ ಒದಗುವುದಿಲ್ಲವಾದ್ದರಿಂದ ತಗಡು ಅವನ್ನು ಮೊದಲೇ ತಡೆಯುತ್ತದೆ; ಹೆಚ್ಚು ಶಕ್ತಿಯ ಗಡುಸು ಕಿರಣಗಳು ದಾಟಿ ಹೋಗುತ್ತವೆ. ಗೆಲಾಕ್ಸಿಯ ನಡುವೆಯೂ ಧೂಳು, ಅನಿಲ ಇರುತ್ತದೆಯಲ್ಲ, ಅಲ್ಲಿಯೂ ಹೀಗೆಯೇ ಆಗುತ್ತದೆಯೇ?

ಕೋಲಾರದ ಭೌತಶಾಸ್ತ್ರ ಉಪನ್ಯಾಸಕಿ:

ಅಣ್ಣ, ಅಲ್ಲಿಯೂ ಹಾಗೆಯೇ. ತಟ್ಟೆಯಿಂದ ಆಚೆ, ಕೆಲವು ಜ್ಯೋತಿರ್ವರ್ಷಗಳ ದೂರದವರೆಗೆ, ಧೂಳು ಮತ್ತು ಅನಿಲದ ದಪ್ಪ ಉಂಗುರವಿರುತ್ತದೆ. ನಾವು ಮೇಲಿನಿಂದ ನೋಡುತ್ತಿದ್ದರೆ ನಡುವಿನ ಪ್ರಖರ ಭಾಗ ನೇರವಾಗಿ ಕಾಣುತ್ತದೆ. ಅಂಚಿನ ಕಡೆಯಿಂದ ನೋಡುತ್ತಿದ್ದರೆ ಉಂಗುರ ಅಡ್ಡ ಬರುತ್ತದೆ: ಬೆಳಕು ಮತ್ತು ಮೆದು ಕ್ಷ-ಕಿರಣ ಹೀರಿಹೋಗಿ, ಗಡುಸಾದವು ಮಾತ್ರ ತೂರಿಕೊಂಡು ಬರುತ್ತವೆ. 1985ರಲ್ಲಿ ಆಂಟೊನುಚಿ ಮತ್ತು ಮಿಲ್ಲರ್ ಎನ್‌ಜಿಸಿ 1068 ಎಂಬ ಗೆಲಾಕ್ಸಿಯ ಧ್ರುವೀಕೃತ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ, ಉಂಗುರದ ಹಿಂದೆ ಅಡಗಿದ ಕೇಂದ್ರದ ಗುರುತನ್ನು ಪ್ರತಿಫಲಿತವಾಗಿ ಕಂಡರು. ಎರಡು ಜಾತಿಯೆಂದು ತಿಳಿದಿದ್ದ ಗೆಲಾಕ್ಸಿಗಳು ಮುಖ್ಯವಾಗಿ ಬೇರೆ ಬೇರೆ ಕೋನದಿಂದ ಕಂಡ ಒಂದೇ ಜಾತಿ ಎಂಬ ತಿಳಿವಳಿಕೆಗೆ ಅದು ಬಲ ಕೊಟ್ಟಿತು.

ತಮ್ಮ ತಗಡಿನ ಮಾತಿನಿಂದ ನನಗೊಂದು ಲೆಕ್ಕ ಹೊಳೆಯಿತು. ಅತಿ ದಟ್ಟ ಎನ್ನಿಸಿಕೊಳ್ಳುವ ಮರೆಯಲ್ಲಿ, ನಮ್ಮ ನೋಟದ ದಾರಿಯ ಪ್ರತಿ ಚದರ ಸೆಂಟಿಮೀಟರಿಗೆ ಹೈಡ್ರೋಜನ್ ಪರಮಾಣುಗಳ ಸಂಖ್ಯೆ 15ರ ಮುಂದೆ 23 ಸೊನ್ನೆಗಳ ಪ್ರಮಾಣವನ್ನು ಮೀರಿರುತ್ತದೆ. ಕೇಳಲು ದೊಡ್ಡದು. ತೂಕ ಹಾಕಿದರೆ ಎರಡೂವರೆ ಗ್ರಾಂ. ಅಷ್ಟೂ ಜ್ಯೋತಿರ್ವರ್ಷಗಳ ಉದ್ದಕ್ಕೆ ಹರಡಿದ ಮರೆಯನ್ನು ಒತ್ತಿ ನೀರಾಗಿಸಿದರೆ ಒಂದು ಅಂಗುಲ ದಪ್ಪ. ನಮ್ಮ ತಲೆಯ ಮೇಲಿನ ವಾಯುಮಂಡಲ ಇದೇ ಲೆಕ್ಕದಲ್ಲಿ ಹತ್ತು ಮೀಟರ್ ನೀರು! ಗೆಲಾಕ್ಸಿಯ ಮರೆಯನ್ನು ದಾಟಿ ಕೋಟ್ಯಂತರ ವರ್ಷ ಸಾಗಿಬಂದ ಕ್ಷ-ಕಿರಣ ನಮ್ಮ ನೆಲವನ್ನು ಮುಟ್ಟದೆ ಮೇಲೆಯೇ ಹೀರಿಹೋಗುವುದು ಈ ಕಾರಣಕ್ಕೆ. ರಾಕೆಟ್, ಬಲೂನು, ಉಪಗ್ರಹ ಇಲ್ಲದೆ ಈ ಶಾಸ್ತ್ರವೇ ಇಲ್ಲ.

ರಾಬರ್ಟ್‌ಸನ್‌ಪೇಟೆಯ ನಿವೃತ್ತ ಎಕ್ಸ್‌ರೇ ತಂತ್ರಜ್ಞ:

ಬಲೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. ಭೌತವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆರಂಭದಲ್ಲಿ ನಮ್ಮ ಕೆಜಿಎಫ್ ಚಿನ್ನದ ಗಣಿಯ ಆಳಕ್ಕಿಳಿದು, ಬಂಡೆಯನ್ನು ತೂರಿಕೊಂಡು ಬರುವ ಮ್ಯುವಾನ್ ಕಣಗಳನ್ನು ಎಣಿಸಿದವರು. ಅವರೇ ಮುಂದೆ 1960ರ ದಶಕದ ಕೊನೆಯಲ್ಲಿ ಹೈದರಾಬಾದಿನಿಂದ ಬಲೂನುಗಳನ್ನು ಹಾರಿಸಿ ಭಾರತದಲ್ಲಿ ಕ್ಷ-ಕಿರಣ ಖಗೋಳಕ್ಕೆ ನಾಂದಿ ಹಾಡಿದರು. ಒಬ್ಬರೇ ನೆಲದ ಆಳಕ್ಕೂ ಇಳಿದರು, ವಾಯುಮಂಡಲದ ಅಂಚಿಗೂ ಉಪಕರಣ ಕಳಿಸಿದರು. ನಮ್ಮ ಊರಿನ ಈಗಿನ ಮಕ್ಕಳಿಗೆ ಇದು ತಿಳಿದಿರಬೇಕು ಎಂಬುದು ನನ್ನ ಆಸೆ.

ಮಧುಗಿರಿಯ ಸಂಶೋಧನಾ ವಿದ್ಯಾರ್ಥಿ:

ಚರ್ಚೆಯನ್ನು ಮೊದಲಿನಿಂದ ಓದಿದೆ. ಒಂದು ಮುಖ್ಯ ಸಾಕ್ಷ್ಯ ಇನ್ನೂ ಬಂದಿಲ್ಲ: ಕಬ್ಬಿಣದ ರೇಖೆ. ಕರೋನಾದಿಂದ ಹೊರಟ ಕ್ಷ-ಕಿರಣವೆಲ್ಲ ನಮ್ಮ ಕಡೆಗೇ ಬರುವುದಿಲ್ಲ. ಒಂದು ಪಾಲು ಮತ್ತೆ ತಟ್ಟೆಯ ಮೇಲೆ ಬೀಳುತ್ತದೆ. ಎಕ್ಸ್‌ರೇ ಟ್ಯೂಬಿನಲ್ಲಿ ಟಂಗ್‌ಸ್ಟನ್ ತನ್ನದೇ ಆದ ಶಕ್ತಿಯ ಕಿರಣವನ್ನು ಸೂಸುವಂತೆ, ತಟ್ಟೆಯಲ್ಲಿರುವ ಕಬ್ಬಿಣದ ಪರಮಾಣುಗಳು ಆ ಹೊಡೆತಕ್ಕೆ 6.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಕಿರಣವನ್ನು ಸೂಸುತ್ತವೆ. ಪ್ರಯೋಗಾಲಯದಲ್ಲಿ ಅದು ಸೂಜಿಯಂತೆ ಕಿರಿದಾದ ರೇಖೆ. 1995ರಲ್ಲಿ ಪ್ರಕಟವಾದಂತೆ, ಜಪಾನಿನ ಆಸ್ಕಾ ಉಪಗ್ರಹ ಎಂಸಿಜಿ-6-30-15 ಎಂಬ ಗೆಲಾಕ್ಸಿಯಲ್ಲಿ ಕಂಡ ರೇಖೆ ಕಡಿಮೆ ಶಕ್ತಿಯ ಕಡೆಗೆ ಉದ್ದ ಬಾಲದಂತೆ ಎಳೆದುಕೊಂಡಿತ್ತು. ಬೆಳಕಿನ ವೇಗದ ಗಣನೀಯ ಪಾಲಿನಲ್ಲಿ ಸುತ್ತುವ ಅನಿಲ, ಗುರುತ್ವದ ಬಾವಿಯಿಂದ ಮೇಲೇರುವಾಗ ಸೋತ ಫೋಟಾನ್: ಎರಡೂ ಆ ಬಾಲದಲ್ಲಿವೆ. ಬಾಲ ಎಷ್ಟು ಉದ್ದವೋ ಅನಿಲ ಅಷ್ಟು ಹತ್ತಿರಕ್ಕೆ ಹೋಗಿದೆ, ಕುಳಿ ಅಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅರ್ಥ. ಇದೇ ಬಾಲವನ್ನು ಅಡ್ಡ ಬರುವ ಅನಿಲದ ಮೋಡಗಳಿಂದಲೂ ವಿವರಿಸಬಹುದು ಎಂದು ಕೆಲವರು ಬಹುಕಾಲ ವಾದಿಸಿದರು. ಅದು ತಳ್ಳಿಹಾಕುವಂತಹ ವಾದವಾಗಿರಲಿಲ್ಲ. 2013ರಲ್ಲಿ ಪ್ರಕಟವಾದಂತೆ, ಎನ್‌ಜಿಸಿ 1365 ಗೆಲಾಕ್ಸಿಯನ್ನು ನ್ಯೂಸ್ಟಾರ್ ಮತ್ತು ಎಕ್ಸ್‌ಎಂಎಂ-ನ್ಯೂಟನ್ ಉಪಗ್ರಹಗಳು ಒಟ್ಟಿಗೆ ನೋಡಿದಾಗ, ಗಡುಸು ಕಿರಣಗಳ ಕಡೆಯ ಅಳತೆ ತಟ್ಟೆಯ ಪ್ರತಿಫಲನದ ಪರವಾಗಿ ನಿಂತಿತು.

ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರವಾದದ್ದು ಪ್ರತಿಧ್ವನಿ. ಕರೋನಾ ಒಮ್ಮೆ ಮಿನುಗಿದರೆ, ನೇರವಾಗಿ ಬರುವ ಕಿರಣ ಮೊದಲು ತಲುಪುತ್ತದೆ. ತಟ್ಟೆಗೆ ಬಡಿದು ಬರುವುದು ತಡವಾಗಿ ತಲುಪುತ್ತದೆ. 2009ರಲ್ಲಿ 1ಎಚ್ 0707-495 ಎಂಬ ಗೆಲಾಕ್ಸಿಯಲ್ಲಿ ಅಳೆದ ಆ ತಡ ಸುಮಾರು 30 ಸೆಕೆಂಡು. ಅಷ್ಟು ಹೊತ್ತಿನಲ್ಲಿ ಬೆಳಕು ಸಾಗುವುದು 90 ಲಕ್ಷ ಕಿ.ಮೀ., ಭೂಮಿ-ಸೂರ್ಯರ ದೂರದ ಹದಿನಾರನೆಯ ಒಂದು ಪಾಲು. ಯಾವ ದೂರದರ್ಶಕಕ್ಕೂ ಬಿಡಿಸಿ ಕಾಣದ ಜಾಗವನ್ನು ಗಡಿಯಾರದಿಂದ ಅಳೆದಿದ್ದಾರೆ.

ಆಕಾರದ ವಾದದ ಬಗ್ಗೆ ಮೇಡಂ ಹೇಳಿದರು. ಹಿಂದೆ ಅನೇಕ ಲೆಕ್ಕಗಳಲ್ಲಿ ಕರೋನಾವನ್ನು ಕುಳಿಯ ಮೇಲೆ ನೇತುಹಾಕಿದ ದೀಪದಂತೆ ಚಿತ್ರಿಸುತ್ತಿದ್ದರು. 2021ರ ಡಿಸೆಂಬರಿನಲ್ಲಿ ಹಾರಿದ ಐಎಕ್ಸ್‌ಪಿಇ ಉಪಗ್ರಹ ಎನ್‌ಜಿಸಿ 4151ರ ಕ್ಷ-ಕಿರಣದ ಧ್ರುವೀಕರಣವನ್ನು ಅಳೆದು, 2023ರಲ್ಲಿ ಬಂದ ಫಲಿತಾಂಶದಂತೆ ಅದು ನೂರಕ್ಕೆ ಸುಮಾರು 5 ಪಾಲು ಇದ್ದು, ದಿಕ್ಕು ಅಲ್ಲಿನ ರೇಡಿಯೊ ಚಿಲುಮೆಗೆ (ಕುಳಿಯ ಬಳಿಯಿಂದ ಚಿಮ್ಮುವ ದ್ರವ್ಯದ ಧಾರೆಗೆ) ಸಮಾನಾಂತರವಾಗಿತ್ತು. ನೇತುಹಾಕಿದ ದೀಪಕ್ಕೆ ಇದು ಹೊಂದುವುದಿಲ್ಲ. ತಟ್ಟೆಯ ಉದ್ದಕ್ಕೂ ಹಾಸಿದಂತಿರುವ ಕರೋನಾಕ್ಕೆ ಹೊಂದುತ್ತದೆ. ಆ ಒಂದು ಗೆಲಾಕ್ಸಿಯ ಮಟ್ಟಿಗೆ ದೀಪದ ಚಿತ್ರವನ್ನು ಬಿಡಬೇಕಾಗಿದೆ.

ಚಿಂತಾಮಣಿಯ ವಿದ್ಯಾರ್ಥಿಗೆ ಒಂದು ಮಾತು. 2015ರ ಸೆಪ್ಟೆಂಬರ್ 28ರಂದು ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಒಂದೇ ಸಮಯದಲ್ಲಿ ನೇರಳಾತೀತದಲ್ಲೂ ಕ್ಷ-ಕಿರಣದಲ್ಲೂ ನೋಡುವ ಹಾಗೆ ಕಟ್ಟಿದ ಉಪಗ್ರಹ. ಅಂದರೆ ತಟ್ಟೆಯನ್ನೂ ಕರೋನಾವನ್ನೂ ಒಟ್ಟಿಗೆ. ಅದರ ದತ್ತಾಂಶ ಬೆಂಗಳೂರಿನ ಬಳಿಯ ಬ್ಯಾಲಾಳಿನ ಸಂಗ್ರಹದಲ್ಲಿ ಎಲ್ಲರಿಗೂ ತೆರೆದಿದೆ, ವಿಶ್ಲೇಷಿಸುವ ತಂತ್ರಾಂಶವೂ ಉಚಿತ. ನಿಮ್ಮ ಹತ್ತು ಲಕ್ಷ ಫೋಟಾನ್‌ಗಳ ಗೆರೆಯ ಪಕ್ಕದಲ್ಲಿ ನಿಜವಾದ ಗೆಲಾಕ್ಸಿಯ ಗೆರೆಯನ್ನು ಇಟ್ಟು ನೋಡಿ.

ರಾಬರ್ಟ್‌ಸನ್‌ಪೇಟೆಯ ನಿವೃತ್ತ ಎಕ್ಸ್‌ರೇ ತಂತ್ರಜ್ಞ:

ಮೇಡಂ ಹೇಳಿದ ಎನ್‌ಜಿಸಿ 1068ರ ಹೆಸರನ್ನು ಎಲ್ಲೋ ಕೇಳಿದ್ದೆನೆಂದು ಹುಡುಕಿದೆ. 2022ರ ನವೆಂಬರಿನಲ್ಲಿ ದಕ್ಷಿಣ ಧ್ರುವದ ಐಸ್‌ಕ್ಯೂಬ್ ಪ್ರಯೋಗದವರು ಆ ಗೆಲಾಕ್ಸಿಯ ದಿಕ್ಕಿನಿಂದ ಸುಮಾರು 79 ನ್ಯೂಟ್ರಿನೊಗಳನ್ನು (ದ್ರವ್ಯವನ್ನು ಬಹುತೇಕ ತಾಗದೆ ತೂರಿಹೋಗುವ ಕಣಗಳನ್ನು) ಗುರುತಿಸಿದ್ದಾಗಿ ಪ್ರಕಟಿಸಿದ್ದಾರೆ. ನಮ್ಮ ಗಣಿಯಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು 1965ರಲ್ಲಿ ಪತ್ತೆಹಚ್ಚಿದ್ದು ಇಲ್ಲಿನ ಹಳಬರಿಗೆಲ್ಲ ಗೊತ್ತು. ಆ ದೂರದ ನ್ಯೂಟ್ರಿನೊಗಳಿಗೂ ಈ ಕರೋನಾಕ್ಕೂ ಸಂಬಂಧವಿದೆಯೇ?

ಮಧುಗಿರಿಯ ಸಂಶೋಧನಾ ವಿದ್ಯಾರ್ಥಿ:

ಇದೆ ಎಂಬುದೇ ಈಗ ಬಲವಾಗಿರುವ ವಿವರಣೆ. ಅಷ್ಟು ಶಕ್ತಿಯ ನ್ಯೂಟ್ರಿನೊಗಳು ಹುಟ್ಟುವ ಕಡೆ ಗಾಮಾ ಕಿರಣಗಳೂ ಹುಟ್ಟಲೇಬೇಕು, ಆದರೆ ಆ ಗೆಲಾಕ್ಸಿಯಿಂದ ಅವು ನಿರೀಕ್ಷಿಸಿದಷ್ಟು ಬರುತ್ತಿಲ್ಲ. ಕುಳಿಯ ಹತ್ತಿರ ತಟ್ಟೆಯ ಮತ್ತು ಕರೋನಾದ ಫೋಟಾನ್‌ಗಳು ಎಷ್ಟು ದಟ್ಟವಾಗಿವೆಯೆಂದರೆ, ಗಾಮಾ ಕಿರಣ ಅವುಗಳಿಗೆ ಬಡಿದು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಅಲ್ಲೇ ಮುಗಿದುಹೋಗುತ್ತದೆ. ನ್ಯೂಟ್ರಿನೊ ಯಾವುದಕ್ಕೂ ಬಡಿಯದೆ ಹೊರಡುತ್ತದೆ. ಉಂಗುರದ ಮರೆಯಿಂದಾಗಿ ನೇರ ಕ್ಷ-ಕಿರಣ ಕೂಡ ನಮಗೆ ಸಿಗದ ಗೆಲಾಕ್ಸಿಯಿಂದ, ಕರೋನಾದ ಬಳಿಯದೆಂದು ನಂಬಬಹುದಾದ ಸಂದೇಶ ಹೀಗೆ ಬಂದಿದೆ.

ಗೌರಿಬಿದನೂರಿನ ಪ್ರೌಢಶಾಲಾ ಶಿಕ್ಷಕ:

ಸೋಮವಾರ ತರಗತಿಯಲ್ಲಿ ನನ್ನ ಹಿಂದಿನ ಉತ್ತರವನ್ನು ಮಕ್ಕಳ ಮುಂದೆಯೇ ತಿದ್ದಿಕೊಂಡೆ. ಒಲೆಯ ಲೆಕ್ಕವನ್ನೂ 1,024 ಫೋಟಾನ್‌ಗಳ ಲೆಕ್ಕವನ್ನೂ ಬೋರ್ಡಿನ ಮೇಲೆ ಅವರಿಂದಲೇ ಮಾಡಿಸಿದೆ. ಎಲ್ಲ ಸಾಲಿನಲ್ಲೂ 10,240 ಬಂದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದರು. ಪ್ರಶ್ನೆ ಕೇಳಿದ ಹುಡುಗಿ ಈಗ ಕೇಳುತ್ತಿರುವುದು, ಇವುಗಳಲ್ಲಿ ಒಂದನ್ನಾದರೂ ಕಣ್ಣಾರೆ ನೋಡಬಹುದೇ ಎಂದು.

ಪಾವಗಡದ ಹವ್ಯಾಸಿ ವೀಕ್ಷಕ:

ಕ್ಷ-ಕಿರಣ ಕಣ್ಣಿಗೆ ಕಾಣದು, ಆದರೆ ಎನ್‌ಜಿಸಿ 1068 ಗೆಲಾಕ್ಸಿಯನ್ನು ಖಂಡಿತ ನೋಡಬಹುದು. ಎಂ77 ಎಂಬುದು ಅದರದೇ ಇನ್ನೊಂದು ಹೆಸರು. ಕಾಂತಿಮಾನ (ಅಂಕಿ ಹೆಚ್ಚಿದಷ್ಟೂ ಮಂಕು) ಸುಮಾರು 9, ದೂರ 4.7 ಕೋಟಿ ಜ್ಯೋತಿರ್ವರ್ಷದ ಹತ್ತಿರ. ನಮ್ಮ ಕಡಲೆಕಾಯಿ ಹೊಲದಲ್ಲಿ ಎಂಟು ಇಂಚಿನ ದೂರದರ್ಶಕದಿಂದ ಹಲವು ಸಲ ನೋಡಿದ್ದೇನೆ: ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಂಜಿನಂತಹ ಸಣ್ಣ ಮಚ್ಚೆ, ನಡುವೆ ನಕ್ಷತ್ರದಂತಹ ಚುಕ್ಕೆ. ಡಿಸೆಂಬರಿನಲ್ಲಿ ರಾತ್ರಿ ಒಂಬತ್ತರ ವೇಳೆಗೆ ತಿಮಿಂಗಿಲ (ಸೀಟಸ್) ನಕ್ಷತ್ರಪುಂಜ ದಕ್ಷಿಣದ ಕಡೆ ಎತ್ತರದಲ್ಲಿರುತ್ತದೆ. ಅದರಲ್ಲಿ ಡೆಲ್ಟಾ ಎಂಬ ನಕ್ಷತ್ರವನ್ನು ಹಿಡಿದು, ಒಂದು ಡಿಗ್ರಿಗಿಂತ ಕಡಿಮೆ ದೂರ ಪೂರ್ವಕ್ಕೆ ಸರಿದರೆ ಸಿಗುತ್ತದೆ. ಚಂದ್ರನಿಲ್ಲದ ರಾತ್ರಿ ಬೇಕು. ಮಕ್ಕಳನ್ನು ಕರೆತರುವುದಾದರೆ ಅಮಾವಾಸ್ಯೆಗೆ ಹತ್ತಿರದ ಶನಿವಾರ ಗೊತ್ತು ಮಾಡಿ ತಿಳಿಸಿ ಮೇಷ್ಟ್ರೇ, ದೂರದರ್ಶಕವನ್ನು ನಾನೇ ಗೌರಿಬಿದನೂರಿಗೆ ತರುತ್ತೇನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕಾಗುವುದರಿಂದ ಮೊಬೈಲುಗಳನ್ನು ಚೀಲದಲ್ಲೇ ಇಡಲು ಮೊದಲೇ ಹೇಳಿರಿ.